ಲೆಕ್ಕದ ಪುಸ್ತಕ ಯಾರ ಕೈಯಲ್ಲಿ? ಕೆಜಿಎಫ್‌ನ ಕರೆಂಟ್ ತಂತಿಯಿಂದ ಆಂಡರ್ಸನ್‌ಪೇಟೆಯ ಲೇತ್‌ವರೆಗೆ

(ಪಾಡ್‌ಕಾಸ್ಟ್ ಎಪಿಸೋಡಿನ ಲಿಖಿತ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತು ಒಂದು ತಾರೀಖಿನಿಂದ ಶುರು ಮಾಡೋಣ. 1902ರ ಜೂನ್ 30.

ಆ ದಿನ ಬೆಂಗಳೂರಿನ ಒಂದು ಬೀದಿಯಲ್ಲೂ ಕರೆಂಟ್ ದೀಪ ಇರಲಿಲ್ಲ. ಬೆಂಗಳೂರಿಗೆ ಅದು ಬಂದಿದ್ದು ಮೂರು ವರ್ಷ ಆದ್ಮೇಲೆ, 1905ರ ಆಗಸ್ಟ್‌ನಲ್ಲಿ. ಆದರೆ ಕೋಲಾರದ ಚಿನ್ನದ ಗಣಿಗೆ, ಅಂದ್ರೆ ನಮ್ಮ ಕೆಜಿಎಫ್‌ಗೆ, ಅವತ್ತೇ ಕರೆಂಟ್ ಬಂತು. ಕಾವೇರಿ ಧುಮುಕುವ ಶಿವನಸಮುದ್ರದಿಂದ 147 ಕಿಲೋಮೀಟರ್ ಕಂಬ ನೆಟ್ಟು, ತಂತಿ ಎಳೆದು ತಂದರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶುರುವಾದ ಕೆಲಸ. ಅದು ಮುಗಿಯೋದನ್ನ ನೋಡೋಕೆ ಅವರು ಉಳಿದಿರಲಿಲ್ಲ, 1901ರಲ್ಲೇ ತೀರಿಕೊಂಡಿದ್ರು. ಟರ್ಬೈನ್ ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯದ್ದು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವು. ಗಣಿ ನಡೆಸ್ತಿದ್ದದ್ದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಚಿನ್ನ ಹೋಗ್ತಿದ್ದದ್ದೂ ಲಂಡನ್ನಿಗೇ.

ಇವತ್ತು ಜಾಗತಿಕ ಸಪ್ಲೈ ಚೈನ್ ಅಂತ ದೊಡ್ಡ ದೊಡ್ಡ ಮಾತು ಕೇಳ್ತೀವಲ್ಲ, ಕೆಜಿಎಫ್ ಅದರೊಳಗೆ ಸೇರಿ ನೂರಿಪ್ಪತ್ತು ವರ್ಷದ ಮೇಲಾಯ್ತು.

ಹಾಗಾದ್ರೆ ಒಂದು ಪ್ರಶ್ನೆ. ಇಷ್ಟು ಬೇಗ ಇಷ್ಟು ತಂತ್ರಜ್ಞಾನ ಕಂಡ ಊರು ಇದು. ಇಲ್ಲಿನ ಹುಡುಗ ಹುಡುಗಿಯರು ಇವತ್ತು ಬೆಳಗಾಗುವ ಮುಂಚೆ ಎದ್ದು ಮಾರಿಕುಪ್ಪಂನಿಂದ ಹೊರಡುವ ಟ್ರೇನ್ ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಿಗೆ ಕೆಲಸಕ್ಕೆ ಯಾಕೆ ಹೋಗಬೇಕು? ಕೈಗೆ ಕೆಲಸ ಬರೋ ಊರಲ್ಲಿ ಸಣ್ಣ ಕೈಗಾರಿಕೆಗಳು ಯಾಕೆ ದೊಡ್ಡದಾಗಿ ಬೆಳೀಲಿಲ್ಲ?

'ಟೆಕ್ನಾಲಜಿ ಇರಲಿಲ್ಲ' ಅನ್ನೋ ಉತ್ತರ ಇಲ್ಲಿ ನಡೆಯಲ್ಲ. ನನ್ನ ಉತ್ತರ ಬೇರೆ. ಕೆಜಿಎಫ್‌ನಲ್ಲಿ ಯಂತ್ರ ಯಾವತ್ತೂ ಇತ್ತು, ಕೆಲಸಗಾರಿಕೆಯೂ ಇತ್ತು. ಇಲ್ಲದೇ ಇದ್ದದ್ದು ಸ್ವಂತ ಲೆಕ್ಕದ ಪುಸ್ತಕ. ನಾನು ಕಾಮರ್ಸ್ ಓದಿದವನ ಚಟದಿಂದ ಹೀಗೆ ಹೇಳ್ತಿದ್ದೀನಿ ಅಂದ್ಕೋಬೇಡಿ. ಕಥೆ ಕೇಳಿ, ಆಮೇಲೆ ನೀವೇ ತೀರ್ಮಾನ ಮಾಡಿ.

ಕಂಪನಿ ಬರೆದಿಟ್ಟಿದ್ದು, ಕೈ ಕಲಿತಿದ್ದು

ಇಲ್ಲಿ ಗಣಿಗಾರಿಕೆಗೆ ಪರವಾನಗಿ ಪಡೆದವನು ಮೈಕೆಲ್ ಲವೆಲ್ ಅನ್ನೋ ಮಾಜಿ ಸೈನಿಕ, 1875ರಲ್ಲಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು, ಆಮೇಲೆ ಎಲ್ಲ ವೇಗವಾಯ್ತು. ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಅಂತ ಹೆಸರು. ಅಲ್ಲಿಂದ ಗಣಿಗೆ 1894ರಲ್ಲಿ ರೈಲು ಬಂತು. ಚಾಂಪಿಯನ್ ರೀಫ್ ಗಣಿ ಇಳೀತಾ ಇಳೀತಾ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳ ಹೋಯ್ತು, ಪ್ರಪಂಚದ ಅತಿ ಆಳದ ಗಣಿಗಳಲ್ಲಿ ಒಂದಾಯ್ತು.

ಅಷ್ಟು ಆಳದಲ್ಲಿ ಬಂಡೆ ಒತ್ತಡ ತಡೆಯಲಾರದೆ ಸಿಡಿಯುತ್ತೆ. ಅದಕ್ಕೆ ರಾಕ್‌ಬರ್ಸ್ಟ್ ಅಂತಾರೆ. ಅದರಲ್ಲಿ ಸತ್ತವರ ನೆನಪು ಇಲ್ಲಿನ ಹಳೇ ಮನೆಗಳಲ್ಲಿ ಇನ್ನೂ ಇದೆ. ಈ ಸಿಡಿತ ಅಳೆಯೋಕೆ 1912ರಲ್ಲೇ ಇಲ್ಲಿ ಭೂಕಂಪನ ಮಾಪಕ ಇಟ್ಟರು. 1970ರ ದಶಕದ ಕೊನೆಗೆ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಜೊತೆ ಸೇರಿ ನೆಲದೊಳಗೆ ಜಿಯೋಫೋನ್‌ಗಳ ಜಾಲ ಹಾಕಿದ್ರು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಶುರುವಾಗಿದ್ದೂ ಇಲ್ಲೇ. ಸೆನ್ಸರ್, ಡೇಟಾ ಅಂತ ಇವತ್ತು ಸ್ಟಾರ್ಟಪ್‌ಗಳು ಹೇಳೋ ಮಾತನ್ನ ಈ ಊರು ಯಾವಾಗ್ಲೋ ಕೆಲಸದಲ್ಲಿ ತೋರಿಸಿತ್ತು.

ಈಗ ಕೆಲಸಗಾರರ ಕಡೆ ನೋಡಿ. ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದವರು, ಬಹುಪಾಲು ದಲಿತ ಕುಟುಂಬಗಳು. ಬಂಡೆ ತಟ್ಟಿ ಸದ್ದಿನಲ್ಲೇ ಅದು ಗಟ್ಟಿಯೋ ಪೊಳ್ಳೋ ಅಂತ ಹೇಳ್ತಿದ್ರು. ಗಣಿಯ ವರ್ಕ್‌ಶಾಪುಗಳಲ್ಲಿ ಫಿಟ್ಟರ್, ಟರ್ನರ್, ಮೋಲ್ಡರ್ ಕೆಲಸ ಅಪ್ಪನಿಂದ ಮಗನಿಗೆ ಬಂತು. ಇದೆಲ್ಲ ಕೈಯಲ್ಲಿ, ಕಿವಿಯಲ್ಲಿ ಇದ್ದ ವಿದ್ಯೆ. ಕಾಗದದ ಮೇಲೆ ಎಲ್ಲೂ ಇರಲಿಲ್ಲ.

ಹಾಗಾದ್ರೆ ಕಾಗದದ ಮೇಲೆ ಏನಿತ್ತು? ಅವರ ಬೆರಳಚ್ಚು.

1930ರಲ್ಲಿ ಪ್ರತಿ ಕಾರ್ಮಿಕನ ಬೆರಳಚ್ಚು ತಗೊಂಡು ನೋಂದಣಿ ಮಾಡೋ ವ್ಯವಸ್ಥೆ ಬಂತು. ಸಾವಿರಾರು ಜನ ಕೆಲಸ ನಿಲ್ಲಿಸಿದ್ರು. ಮುಷ್ಕರ ಮೂರು ವಾರ ನಡೀತು. ಓದು ಬರಹ ಇಲ್ಲದ ಜನ, ಅವರಿಗೆ ಹೊಸದು ಅಂದ್ರೆ ಭಯ ಅಂತ ಯಾರಾದ್ರೂ ಹೇಳಬಹುದು. ನನಗೆ ಹಾಗನ್ಸಲ್ಲ. ನಮ್ಮ ಗುರುತು ಅವರ ಪುಸ್ತಕಕ್ಕೆ ಹೋದ ಮೇಲೆ ಅದನ್ನ ಯಾವುದಕ್ಕೆ ಬಳಸ್ತಾರೆ ಅಂತ ಕೇಳೋ ಹಕ್ಕು ನಮಗಿರಲ್ಲ. ಇದು ಅವರಿಗೆ ಸರಿಯಾಗೇ ಅರ್ಥ ಆಗಿತ್ತು.

ಇದನ್ನ ನೆನಪಿಟ್ಕೊಳ್ಳಿ. ಮುಂದೆ ಬೇಕಾಗುತ್ತೆ.

ಒಬ್ಬನೇ ಗಿರಾಕಿ

ಗಣಿ 1956ರಲ್ಲಿ ಮೈಸೂರು ರಾಜ್ಯ ಸರ್ಕಾರದ ಕೈಗೆ ಬಂತು, 1962ರಲ್ಲಿ ಕೇಂದ್ರಕ್ಕೆ ಹೋಯ್ತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯ್ತು. ಈ ಮಧ್ಯೆ 1964ರಲ್ಲಿ ಭಾರತ್ ಅರ್ಥ್ ಮೂವರ್ಸ್, ಅಂದ್ರೆ ನಮ್ಮ ಬೆಮೆಲ್, ಸ್ಥಾಪನೆ ಆಯ್ತು. ಕೆಜಿಎಫ್‌ನಲ್ಲಿ ಬುಲ್ಡೋಜರ್ ತಯಾರಾಗೋಕೆ ಶುರುವಾಯ್ತು. ತಂತ್ರಜ್ಞಾನಕ್ಕೆ ಜಪಾನಿನ ಕೊಮಾಟ್ಸು ಕಂಪನಿಯ ಸಹಯೋಗ. ಮತ್ತೆ ಅದೇ ಕಥೆ ನೋಡಿ, ನಕ್ಷೆ ಹೊರಗಿನದು, ಕೈ ಇಲ್ಲಿಯದು.

ದೊಡ್ಡ ಕಾರ್ಖಾನೆ ಇದ್ದ ಕಡೆ ಅದರ ಸುತ್ತ ಸಣ್ಣ ವರ್ಕ್‌ಶಾಪ್ ಹುಟ್ಟೋದು ಸಹಜ. ಲೇತ್, ಡ್ರಿಲ್ಲಿಂಗ್, ವೆಲ್ಡಿಂಗ್, ಶೀಟ್ ಕತ್ತರಿಸೋದು. ಕಂಪನಿ ಕಬ್ಬಿಣ ಕೊಡುತ್ತೆ, ನಕ್ಷೆ ಕೊಡುತ್ತೆ, ಇವರು ಕೆಲಸ ಮಾಡಿ ವಾಪಸ್ ಕೊಡ್ತಾರೆ. ಇದಕ್ಕೆ ಜಾಬ್ ವರ್ಕ್ ಅಂತಾರೆ.

ಇಲ್ಲೇ ಗಂಟು ಇರೋದು. ಬೆಂಗಳೂರಿನ ಪೀಣ್ಯ ಜೊತೆ ಹೋಲಿಸಿ ನೋಡಿ. 1970ರ ದಶಕದಲ್ಲಿ ಬೆಳೆಯಲು ಶುರುವಾದ ಪೀಣ್ಯದ ಹಿಂದೆ 1953ರ ಎಚ್‌ಎಂಟಿ ಇತ್ತು, 1962ರಲ್ಲಿ ಶುರುವಾದ ಸಿಎಂಟಿಐ ಅನ್ನೋ ಯಂತ್ರೋಪಕರಣ ಸಂಶೋಧನಾ ಸಂಸ್ಥೆ ಇತ್ತು, ಎಚ್‌ಎಎಲ್, ಬಿಇಎಲ್ ಇದ್ವು. ಅಲ್ಲಿನ ಸಣ್ಣ ವರ್ಕ್‌ಶಾಪ್ ಒಬ್ಬನ ಆರ್ಡರ್ ನಿಂತ್ರೆ ಇನ್ನೊಬ್ಬನ ಬಾಗಿಲು ತಟ್ಟಬಹುದಿತ್ತು. ಹೊಸ ಗಿರಾಕಿ ಮೊದಲು ಕೇಳೋದು, 'ಈ ಹಿಂದೆ ಏನು ಮಾಡಿದ್ದೀರಿ, ತೋರಿಸಿ' ಅಂತ. ಹಾಗಾಗಿ ಪೀಣ್ಯದವರು ದಾಖಲೆ ಇಡೋದನ್ನ ಕಲೀಲೇಬೇಕಾಯ್ತು.

ಗಿರಾಕಿ ಒಬ್ಬನೇ ಆದ್ರೆ ಆ ಪ್ರಶ್ನೆ ಬರೋದೇ ಇಲ್ಲ. ಇನ್‌ಸ್ಪೆಕ್ಟರ್‌ಗೆ ಮುಖ ಪರಿಚಯ. 'ಇವರ ಕೆಲಸ ಚೆನ್ನಾಗಿರುತ್ತೆ' ಅನ್ನೋ ಮಾತೇ ಸರ್ಟಿಫಿಕೇಟ್. ನೀವು ಎಷ್ಟು ಪೀಸ್ ಕೊಟ್ಟಿರಿ, ಎಷ್ಟು ವಾಪಸ್ ಬಂತು, ಎಷ್ಟು ದಿನದಲ್ಲಿ ಕೊಟ್ಟಿರಿ ಅನ್ನೋದೆಲ್ಲ ಕಂಪನಿಯ ರಿಜಿಸ್ಟರ್‌ನಲ್ಲಿ ಇರುತ್ತೆ. ನಿಮ್ಮ ಹತ್ರ ಇರೋದು ಚಲನ್‌ಗಳ ಒಂದು ಕಟ್ಟು, ಅದೂ ಮಳೆಗಾಲದಲ್ಲಿ ನೆಂದು ಹೋಗಿರುತ್ತೆ.

2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಸಂಬಳ ಹೋಯ್ತು, ಕ್ವಾರ್ಟರ್ಸ್ ಚಿಂತೆ ಬಂತು, ಇದೆಲ್ಲ ನಿಮಗೆ ಗೊತ್ತು. ಇನ್ನೊಂದು ನಷ್ಟದ ಬಗ್ಗೆ ಯಾರೂ ಹೆಚ್ಚು ಮಾತಾಡಲ್ಲ. ಇಪ್ಪತ್ತೈದು, ಮೂವತ್ತು ವರ್ಷ ಕೆಲಸ ಮಾಡಿದ ಫಿಟ್ಟರ್ ಹೊರಗೆ ಹೋಗಿ 'ನಾನು ಇಷ್ಟು ಬಲ್ಲೆ' ಅಂದ್ರೆ ತೋರಿಸೋಕೆ ಒಂದು ಹಾಳೆ ಇರಲಿಲ್ಲ. ಕಂಪನಿಯ ಜೊತೆ ಅವನ ಅನುಭವದ ಲೆಕ್ಕವೂ ಮುಚ್ಚಿ ಹೋಯ್ತು.

ಒಂದು ಪಿನ್ನಿನ ಪ್ರಯಾಣ

ಸರಿ, ಈಗ ಇವತ್ತಿಗೆ ಬರೋಣ. ಸಣ್ಣ ಕೈಗಾರಿಕೆ 'ಡಿಜಿಟಲ್' ಆಗೋದು ಅಂದ್ರೆ ರೋಬೋ ತಂದು ನಿಲ್ಲಿಸೋದು ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಒಂದು ಉದಾಹರಣೆ ಕಟ್ಟಿ ನೋಡೋಣ.

ಆಂಡರ್ಸನ್‌ಪೇಟೆಯಲ್ಲಿ ಆರು ಜನರ ಒಂದು ವರ್ಕ್‌ಶಾಪ್ ಇದೆ ಅಂತ ಇಟ್ಕೊಳ್ಳಿ. ಅವರಿಗೆ ಒಂದು ಸ್ಟೀಲ್ ಪಿನ್ ಮಾಡೋ ಆರ್ಡರ್ ಬಂದಿದೆ. ಅದು ಒಂದು ಯಂತ್ರದೊಳಗೆ ಸೇರಿ ವಿದೇಶಕ್ಕೆ ಹೋಗುತ್ತೆ. ಹಳೇ ಲೇತ್‌ನಲ್ಲಿ ನುರಿತ ಟರ್ನರ್ ಇದನ್ನ ಚೆನ್ನಾಗೇ ಮಾಡ್ತಾರೆ. ಸಿಎನ್‌ಸಿ ಲೇತ್‌ನಲ್ಲಿ ಪ್ರೋಗ್ರಾಂ ಹಾಕಿದ್ರೆ ಮೊದಲ ಪೀಸ್‌ಗೂ ಐನೂರನೇ ಪೀಸ್‌ಗೂ ಕೆಲವೇ ಮೈಕ್ರಾನ್ ವ್ಯತ್ಯಾಸ. ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಸರಿ, ಸಾಲ ಮಾಡಿ ಸಿಎನ್‌ಸಿ ತಂದ್ರು ಅಂತಾನೇ ಇಟ್ಕೊಳ್ಳಿ. ಆದರೂ ಆರ್ಡರ್ ಗಟ್ಟಿ ಆಗಲ್ಲ. ಯಾಕಂದ್ರೆ ಗಿರಾಕಿ ಪಿನ್ ಜೊತೆ ಇನ್ನೊಂದು ವಸ್ತು ಕೇಳ್ತಾನೆ. ಆ ಪಿನ್ನಿನ ಜಾತಕ.

ಸ್ಟೀಲ್ ಕರಗಿಸುವಾಗ ಪ್ರತಿ ಬ್ಯಾಚಿಗೂ ಒಂದು ಹೀಟ್ ನಂಬರ್ ಇರುತ್ತೆ. ನಿಮ್ಮ ಪಿನ್ ಯಾವ ಹೀಟ್ ನಂಬರಿನ ರಾಡ್‌ನಿಂದ ಬಂತು? ಅದರ ಟೆಸ್ಟ್ ಸರ್ಟಿಫಿಕೇಟ್ ಎಲ್ಲಿ? ನಕ್ಷೆಯ ಯಾವ ತಿದ್ದುಪಡಿ ನೋಡಿ ಮಾಡಿದ್ರಿ, ಹಳೇದೋ ಹೊಸದೋ? ಅಳತೆ ಯಾವ ಮೈಕ್ರೋಮೀಟರ್‌ನಲ್ಲಿ ತಗೊಂಡ್ರಿ, ಅದನ್ನ ಕೊನೆಗೆ ಯಾವಾಗ ಪರೀಕ್ಷೆ ಮಾಡಿಸಿದ್ರಿ? ಹದ ಮಾಡಿದ್ದು ಯಾರು? ನಾಳೆ ಎಲ್ಲೋ ಒಂದು ಪಿನ್ ಮುರಿದ್ರೆ, ಅದರ ಜೊತೆ ಹುಟ್ಟಿದ ಮಿಕ್ಕ ಪಿನ್‌ಗಳು ಎಲ್ಲಿವೆ ಅಂತ ಅವನು ಹುಡುಕಬೇಕು. ಅದಕ್ಕೆ ಇಷ್ಟೆಲ್ಲ.

ವಿಮಾನದ ಭಾಗ ಆದ್ರೆ ಈ ಪ್ರಶ್ನೆಗಳು ಇನ್ನೂ ಹೆಚ್ಚು. ಮೊದಲ ಪೀಸಿನ ಪ್ರತಿ ಅಳತೆಯನ್ನೂ ನಕ್ಷೆಯ ಪಕ್ಕ ಬರೆದು ಕೊಡಬೇಕು. ಹಾಗಾಗಿ ಡಿಜಿಟಲ್ ಅನ್ನೋದರಲ್ಲಿ ಯಂತ್ರದ ಪಾಲು ಅರ್ಧ. ಉಳಿದ ಅರ್ಧ ಜ್ಞಾಪಕಶಕ್ತಿ. ಕೈಗೆ ಗೊತ್ತಿದ್ದದ್ದನ್ನ ಬೇರೆಯವರು ಓದೋ ಹಾಗೆ ಬರೆದಿಡೋದು.

ಇದಕ್ಕೆ ಕೋಟಿಗಟ್ಟಲೆ ಖರ್ಚಿನ ಸಾಫ್ಟ್‌ವೇರ್ ಬೇಕೇ ಬೇಕು ಅಂತಿಲ್ಲ. ಮೊಬೈಲಿನಲ್ಲಿ ತೆಗೆದ ಟೆಸ್ಟ್ ಸರ್ಟಿಫಿಕೇಟ್ ಫೋಟೋ, ಪ್ರತಿ ಆರ್ಡರ್‌ಗೆ ಒಂದು ನಂಬರ್, ಒಂದು ಸ್ಪ್ರೆಡ್‌ಶೀಟ್, ಇಷ್ಟರಿಂದ ಶುರು ಮಾಡಬಹುದು. ಕಷ್ಟ ಇರೋದು ಅಭ್ಯಾಸದಲ್ಲಿ. ರಾತ್ರಿ ಎಂಟು ಗಂಟೆಗೆ ಕೈಯೆಲ್ಲ ಎಣ್ಣೆ ಆಗಿರುವಾಗ ಕೂತು ಇವತ್ತಿನ ರಿಜೆಕ್ಷನ್ ಎಷ್ಟು ಅಂತ ಬರೆಯೋದು ಯಾರಿಗೂ ಇಷ್ಟದ ಕೆಲಸ ಅಲ್ಲ.

ನಲವತ್ತೈದು ದಿನದ ಕಥೆ

ಈಗ ನನ್ನ ವಿಷಯಕ್ಕೆ ಬಂದೆ, ದುಡ್ಡು.

ಎರಡು ಲಕ್ಷದ ಬಿಲ್. ಲಾಭ ಇಪ್ಪತ್ತು ಸಾವಿರ ಅಂತ ಇಟ್ಕೊಳ್ಳಿ. ದೊಡ್ಡ ಕಂಪನಿ ದುಡ್ಡು ಕೊಡೋದು 90 ದಿನ ಆದ್ಮೇಲೆ. ಅಷ್ಟರಲ್ಲಿ ಸಂಬಳ, ಕರೆಂಟ್ ಬಿಲ್ ಕಟ್ಟೋಕೆ ನೀವು ಹೊರಗಡೆ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಸಾಲ ತಂದ್ರೆ, ಮೂರು ತಿಂಗಳಿಗೆ ಬಡ್ಡಿ ಹನ್ನೆರಡು ಸಾವಿರ. ಉಳಿದದ್ದು ಎಂಟು ಸಾವಿರ. ಕೆಲಸ ನಿಮ್ಮದು, ಅರ್ಧಕ್ಕಿಂತ ಹೆಚ್ಚು ಲಾಭ ಸಾಲ ಕೊಟ್ಟವನದು.

ಕಾನೂನು ಏನನ್ನುತ್ತೆ? 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗೆ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು. ತಡ ಆದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಆದರೆ ಒಬ್ಬನೇ ಗಿರಾಕಿ ಇರುವಾಗ ಅವನ ಮೇಲೆ ದೂರು ಕೊಡೋರು ಯಾರು? 2023ರ ತಿದ್ದುಪಡಿ ಬಂದ ಮೇಲೆ ಸ್ವಲ್ಪ ಬಿಗಿ ಆಯ್ತು. ಗಡುವು ಮೀರಿಸಿದ ಕಂಪನಿ, ದುಡ್ಡು ಕೊಡುವವರೆಗೂ ಆ ಖರ್ಚನ್ನ ತನ್ನ ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯೋ ಹಾಗಿಲ್ಲ.

ಇನ್ನೊಂದು ದಾರಿ ಟ್ರೆಡ್ಸ್. ರಿಸರ್ವ್ ಬ್ಯಾಂಕ್ 2014ರಲ್ಲಿ ಇದರ ನಿಯಮ ತಂತು, 2017ರಲ್ಲಿ ಮೊದಲ ವೇದಿಕೆ ಶುರುವಾಯ್ತು. ನಿಮ್ಮ ಬಿಲ್ ಆನ್‌ಲೈನ್‌ನಲ್ಲಿ ಹಾಕ್ತೀರಿ, ಕಂಪನಿ ಅದನ್ನ ಒಪ್ಪುತ್ತೆ, ಬ್ಯಾಂಕುಗಳು ಅದಕ್ಕೆ ಬಿಡ್ ಮಾಡ್ತವೆ, ಬಡ್ಡಿ ಕಳೆದು ದುಡ್ಡು ಈಗಲೇ ನಿಮ್ಮ ಖಾತೆಗೆ ಬರುತ್ತೆ. ವರ್ಷಕ್ಕೆ ನೂರಕ್ಕೆ ಹತ್ತು ಅಂತ ಹಿಡಿದ್ರೂ ನಮ್ಮ ಎರಡು ಲಕ್ಷಕ್ಕೆ 90 ದಿನದ ಬಡ್ಡಿ ಸುಮಾರು ಐದು ಸಾವಿರ. ಹನ್ನೆರಡೆಲ್ಲಿ, ಐದೆಲ್ಲಿ! ಕಂಪನಿ ಕೊನೆಗೆ ಕೈ ಎತ್ತಿದ್ರೂ ಬ್ಯಾಂಕ್ ನಿಮ್ಮ ಮನೆ ಬಾಗಿಲಿಗೆ ಬರೋ ಹಾಗಿಲ್ಲ. ಕೇಂದ್ರ ಸರ್ಕಾರದ ಉದ್ದಿಮೆಗಳು, 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ಇದರಲ್ಲಿ ಸೇರಲೇಬೇಕು ಅಂತ ಈಗ ನಿಯಮ ಇದೆ.

ಒಂದು ಕೊಕ್ಕೆಯೂ ಇದೆ. ಕಂಪನಿಯವರು 'ಒಪ್ಪಿದ್ದೇವೆ' ಅಂತ ಒತ್ತದೇ ಇದ್ರೆ ಬಿಲ್ ಅಲ್ಲೇ ಕೂತಿರುತ್ತೆ. ಮಾಲು ಯಾವ ದಿನ ತಲುಪಿತು, ಯಾರು ಸಹಿ ಹಾಕಿದ್ರು, ಇನ್‌ಸ್ಪೆಕ್ಷನ್ ಯಾವಾಗ ಪಾಸ್ ಆಯ್ತು ಅಂತ ನಿಮ್ಮ ಹತ್ರ ದಾಖಲೆ ಇದ್ರೆ ಗಟ್ಟಿಯಾಗಿ ಕೇಳಬಹುದು, ಇಲ್ಲದಿದ್ರೆ ಅಂಗಲಾಚಬೇಕು.

ಅಂದ ಹಾಗೆ, ಇಂಥ ದಾಖಲೆ ನಮ್ಮ ರಾಜ್ಯದ ವ್ಯಾಪಾರಿಗಳಿಗೆ ಪೂರ್ತಿ ಹೊಸದೇನಲ್ಲ. ವ್ಯಾಟ್ ಕಾಲದಲ್ಲೇ ಇಲ್ಲಿ ಇ-ಸುಗಮ್ ಇತ್ತು, ಲಾರಿ ಹೊರಡೋಕೆ ಮುಂಚೆ ಆನ್‌ಲೈನ್ ನಂಬರ್ ತಗೋಬೇಕಿತ್ತು. ಜಿಎಸ್‌ಟಿ ಬಂದ ಮೇಲೆ, 2018ರ ಏಪ್ರಿಲ್ 1ರಂದು, ರಾಜ್ಯದೊಳಗಿನ ಸಾಗಣೆಗೂ ಇ-ವೇ ಬಿಲ್ ತಂದ ಮೊದಲ ರಾಜ್ಯ ಕರ್ನಾಟಕ. 2023ರ ಆಗಸ್ಟ್‌ನಿಂದ 5 ಕೋಟಿ ದಾಟಿದ ವಹಿವಾಟಿಗೆ ಇ-ಇನ್‌ವಾಯ್ಸ್ ಕಡ್ಡಾಯ. ತೆರಿಗೆಗೆ ಅಂತ ಹೇಗಿದ್ರೂ ಬರೀತೀವಿ. ಅದೇ ಬರಹ ನಮಗೂ ಉಪಯೋಗಕ್ಕೆ ಬರಲಿ ಅಂತ ಕಟ್ಟಿಡೋರು ಮಾತ್ರ ಕಡಿಮೆ.

ದಾಖಲೆ ಎರಡಲಗಿನ ಕತ್ತಿ

ಈಗ ನಿಮ್ಮಲ್ಲಿ ಕೆಲವರು ಕೇಳಬಹುದು, 'ಇಷ್ಟೊತ್ತು ಬೆರಳಚ್ಚು ಕೊಡಲ್ಲ ಅಂದವರನ್ನ ಹೊಗಳಿದ್ರಿ, ಈಗ ಎಲ್ಲ ಬರೆದಿಡಿ ಅಂತೀರಿ?' ಒಳ್ಳೇ ಪ್ರಶ್ನೆ.

ಇದೇ ಕೋಲಾರ ಜಿಲ್ಲೆಯ ನರಸಾಪುರಕ್ಕೆ ಹೋಗೋಣ. 2020ರ ಡಿಸೆಂಬರ್ 12. ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ಸಿಟ್ಟು ಗಲಭೆಯಾಯ್ತು. ಗಾಜು ಒಡೆದ ವಿಡಿಯೋಗಳನ್ನ ಎಲ್ಲರೂ ನೋಡಿದ್ರು. ಒಂದು ವಾರದಲ್ಲಿ ಆಪಲ್ ಕಂಪನಿ ಹೇಳಿಕೆ ಕೊಡ್ತು. ಕೆಲಸದ ಗಂಟೆಗಳ ಲೆಕ್ಕ ನಿರ್ವಹಿಸುವ ವ್ಯವಸ್ಥೆ ಸರಿಯಾಗಿ ಜಾರಿಯಾಗಿರಲಿಲ್ಲ, ಅದರಿಂದ ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಕೆಲವು ಕಾರ್ಮಿಕರಿಗೆ ಸಂಬಳ ತಡವಾಯ್ತು ಅಂತ ಒಪ್ಪಿಕೊಳ್ತು. ಸರಿಪಡಿಸುವವರೆಗೆ ಹೊಸ ಕೆಲಸ ಕೊಡಲ್ಲ ಅಂತ ವಿಸ್ಟ್ರಾನ್‌ಗೆ ಹೇಳ್ತು. ಆ ಕಾರ್ಖಾನೆ 2023ರಲ್ಲಿ ಟಾಟಾ ಕೈಗೆ ಬಂತು.

ಪ್ರಪಂಚದ ಅತಿ ನಾಜೂಕಿನ ಫೋನ್ ಜೋಡಿಸೋ ಜಾಗ. ಅಲ್ಲಿ ಒಬ್ಬ ಮನುಷ್ಯ ಎಷ್ಟು ಗಂಟೆ ಕೆಲಸ ಮಾಡಿದ ಅನ್ನೋ ಲೆಕ್ಕ ತಪ್ಪಿತು. ಆ ಲೆಕ್ಕದ ಪ್ರತಿ ಕಾರ್ಮಿಕನ ಕೈಯಲ್ಲಿ ಇರಲಿಲ್ಲ. 1930ಕ್ಕೂ 2020ಕ್ಕೂ ತೊಂಬತ್ತು ವರ್ಷ, ಎರಡೂ ಕಡೆ ಪುಸ್ತಕ ಇದ್ದದ್ದು ಒಂದೇ ಕಡೆ.

ಸಣ್ಣ ವರ್ಕ್‌ಶಾಪ್‌ಗೂ ಇದೇ ಅಪಾಯ. ಪ್ರತಿ ದೊಡ್ಡ ಕಂಪನಿಗೂ ಒಂದೊಂದು ಪೋರ್ಟಲ್. ನಿಮ್ಮ ರಿಜೆಕ್ಷನ್, ನಿಮ್ಮ ತಡ, ನಿಮ್ಮ ರೇಟಿಂಗ್ ಎಲ್ಲ ಅಲ್ಲಿ. ನಾಳೆ ನಿಮ್ಮ ಲಾಗಿನ್ ನಿಲ್ಲಿಸಿದ್ರೆ ಹತ್ತು ವರ್ಷದ ಹೆಸರು ಹೋಯ್ತು. 2001ರಲ್ಲಿ ಆದದ್ದೇ ಮತ್ತೆ ಆಗುತ್ತೆ, ಗೇಟಿಗೆ ಬೀಗ ಹಾಕೋ ಬದಲು ಪಾಸ್‌ವರ್ಡ್ ಬದಲಾಗುತ್ತೆ, ಅಷ್ಟೇ.

ಕೇಳೋ ಪ್ರಶ್ನೆಗಳೂ ಬೆಳೀತಿವೆ. ಯುರೋಪ್ ಒಕ್ಕೂಟ 2023ರ ಅಕ್ಟೋಬರ್‌ನಿಂದ ಕಬ್ಬಿಣ, ಉಕ್ಕಿನ ಮಾಲಿಗೆ, ಅದರಲ್ಲಿ ನಟ್ಟು ಬೋಲ್ಟೂ ಸೇರಿ, ಎಷ್ಟು ಇಂಗಾಲ ಹೊರಬಿಟ್ಟು ತಯಾರಿಸಿದ್ದು ಅಂತ ಲೆಕ್ಕ ಕೇಳೋಕೆ ಶುರು ಮಾಡ್ತು. 2026ರ ಜನವರಿಯಿಂದ ಅದಕ್ಕೆ ದುಡ್ಡಿನ ಹೊರೆಯೂ ಸೇರಿದೆ. ಲೆಕ್ಕ ಕೇಳೋದು ಅಲ್ಲಿನ ಆಮದುದಾರನನ್ನ. ಅವನು ನಮ್ಮ ರಫ್ತುದಾರನನ್ನ ಕೇಳ್ತಾನೆ, ರಫ್ತುದಾರ ಸಣ್ಣ ವರ್ಕ್‌ಶಾಪನ್ನ ಕೇಳ್ತಾನೆ. ಬ್ರಸೆಲ್ಸ್‌ನಲ್ಲಿ ಬರೆದ ನಿಯಮಕ್ಕೆ ಆಂಡರ್ಸನ್‌ಪೇಟೆಯ ಕರೆಂಟ್ ಬಿಲ್ ಉತ್ತರ ಕೊಡೋ ಕಾಲ ಬಂದಿದೆ.

ಹಾಗಾದ್ರೆ ಮಾಡೋದೇನು?

ಬರೆಯೋದು ಬೇಡ ಅನ್ನೋ ಆಯ್ಕೆ ಈಗ ಇಲ್ಲ. ಬರೆದದ್ದರ ಒಂದು ಪ್ರತಿ ನಮ್ಮ ಹತ್ರ ಇರಬೇಕು, ತಪ್ಪಿದ್ರೆ ತಿದ್ದಿಸೋ ದಾರಿ ಇರಬೇಕು. ನಮ್ಮ ಹೋರಾಟ ಇದಕ್ಕೆ.

ಇದರಲ್ಲಿ ಕೆಜಿಎಫ್‌ಗೆ ವಿಶೇಷವಾದ ಒಂದು ಲಾಭವೂ ಇದೆ. ಕೇಂದ್ರ ಸರ್ಕಾರದ 2012ರ ಖರೀದಿ ನೀತಿ ಪ್ರಕಾರ ಕೇಂದ್ರದ ಇಲಾಖೆಗಳು, ಉದ್ದಿಮೆಗಳು ತಮ್ಮ ವಾರ್ಷಿಕ ಖರೀದಿಯಲ್ಲಿ ಒಂದು ಪಾಲನ್ನ ಅತಿ ಸಣ್ಣ, ಸಣ್ಣ ಉದ್ದಿಮೆಗಳಿಂದ ಮಾಡಬೇಕು. 2018ರಿಂದ ಆ ಪಾಲು ಶೇ 25. ಅದರೊಳಗೆ ಪರಿಶಿಷ್ಟ ಜಾತಿ, ಪಂಗಡದವರ ಉದ್ದಿಮೆಗಳಿಗೆ ಶೇ 4, ಮಹಿಳೆಯರ ಉದ್ದಿಮೆಗಳಿಗೆ ಶೇ 3. ನೂರು ವರ್ಷ ಬೇರೆಯವರ ಚಿನ್ನ ತೆಗೆದ ಕುಟುಂಬಗಳ ಮಕ್ಕಳಿಗೆ ಈ ಶೇ 4 ಸಣ್ಣ ಸಂಖ್ಯೆ ಅಲ್ಲ. ಆದರೆ ಆ ಬಾಗಿಲಿನ ಬೀಗದ ಕೈ 2020ರ ಜುಲೈ 1ರಂದು ಶುರುವಾದ ಉದ್ಯಮ್ ನೋಂದಣಿ.

ಅದಕ್ಕೆ ನನ್ನದೊಂದು ಕೋರಿಕೆ. ನಿಮ್ಮ ಮನೆಯಲ್ಲಿ, ನೆಂಟರಲ್ಲಿ, ಬೀದಿಯಲ್ಲಿ ಯಾರಾದ್ರೂ ಲೇತ್ ಇಟ್ಕೊಂಡಿದ್ರೆ ಹೋಗಿ ಒಂದು ಪ್ರಶ್ನೆ ಕೇಳಿ. 'ಅಣ್ಣಾ, ಉದ್ಯಮ್ ನೋಂದಣಿಯಲ್ಲಿ, ಜಿಎಸ್‌ಟಿಯಲ್ಲಿ ಕೊಟ್ಟಿರೋ ಮೊಬೈಲ್ ನಂಬರ್ ಯಾರದು? ಒಟಿಪಿ ಯಾರ ಫೋನಿಗೆ ಹೋಗುತ್ತೆ?' ಎಷ್ಟೋ ಕಡೆ ಅದು ಸೈಬರ್ ಸೆಂಟರ್‌ನವನದೋ, ಲೆಕ್ಕ ಬರೆಯುವವನದೋ ಆಗಿರುತ್ತೆ. ಮೊದಲು ಅದನ್ನ ಅವರ ಹೆಸರಿಗೆ, ಅವರ ಫೋನಿಗೆ ಬದಲಾಯಿಸಿಕೊಡಿ. ಆಮೇಲೆ ಹಳೇ ಚಲನ್ ಕಟ್ಟು ಬಿಚ್ಚಿ ಒಂದೊಂದೇ ಫೋಟೋ ತೆಗೀರಿ. ಯಾವ ಪಾರ್ಟಿಗೆ ಏನು ಮಾಡಿಕೊಟ್ಟರು, ಎಷ್ಟು ಪೀಸ್, ಯಾವ ವರ್ಷ ಅಂತ ಒಂದು ಪಟ್ಟಿ ಮಾಡಿ. ಎರಡನೇ ಗಿರಾಕಿಯ ಬಾಗಿಲಿಗೆ ಹೋಗುವಾಗ ಕೈಯಲ್ಲಿ ಹಿಡಿಯೋಕೆ ಆ ಪಟ್ಟಿ ಇರುತ್ತೆ.

ಸಿಎನ್‌ಸಿ ಕಲಿಯೋದು, ನಕ್ಷೆ ಕಂಪ್ಯೂಟರಿನಲ್ಲಿ ಬಿಡಿಸೋದು ಎಲ್ಲ ಆಮೇಲೆ ಇದ್ದೇ ಇದೆ. ಅದನ್ನ ಕಲಿಯೋ ತಾಕತ್ತು ಈ ಊರಿನ ಕೈಗಳಿಗೆ ಇಲ್ಲ ಅಂತ ಯಾರೂ ಹೇಳಲಾರರು. ಕಲಿಸೋ ಮುಂಚೆ, ಅವರ ತಂದೆಯವರಿಗೆ ಏನೇನು ಗೊತ್ತಿತ್ತು ಅಂತ ಅವರ ಬಾಯಿಂದಲೇ ಕೇಳಿ ರೆಕಾರ್ಡ್ ಮಾಡ್ಕೊಳ್ಳಿ. ಗಣಿಯಲ್ಲಿ, ವರ್ಕ್‌ಶಾಪಿನಲ್ಲಿ ದುಡಿದವರು ಈಗ ವಯಸ್ಸಾದವರು. ಅವರ ಲೆಕ್ಕ ಇನ್ನೂ ಯಾರೂ ಬರೆದುಕೊಂಡಿಲ್ಲ.

ಇವತ್ತಿಗೆ ಇಷ್ಟು. ನಿಮ್ಮ ಊರಿನ ವರ್ಕ್‌ಶಾಪ್ ಕಥೆ ಇದ್ರೆ ವಾಯ್ಸ್ ನೋಟ್ ಕಳಿಸಿ, ತಮಿಳಲ್ಲಿ, ತೆಲುಗಲ್ಲಿ ಹೇಳಿದ್ರೂ ನಡೆಯುತ್ತೆ. ಮುಂದಿನ ಎಪಿಸೋಡಿನಲ್ಲಿ ಸಿಗೋಣ. ನಮಸ್ಕಾರ.